ಮೂರನೇ ಮಹಡಿಯವರ ಪರಿಚಯ

ಎಡಗೈಯ ಐದೂ ಬೆರಳು ಮುಗಿದಿದ್ದವು, ಬಲಗೈ ಇನ್ನೂ ಬಾಕಿ ಇತ್ತು. ಮಗಳು ತನ್ನ ಕೈಚೀಲದಲ್ಲಿದ್ದ ಉಗುರುಬಣ್ಣ ತೆಗೆಯುವ ಸೀಸೆಯಿಂದ ಹತ್ತಿಯನ್ನು ಒದ್ದೆ ಮಾಡಿ, ಅಪ್ಪನ ಉಗುರಿನ ಸಂದಿಯ ಕಪ್ಪನ್ನು ಒರೆಸಿ ಒರೆಸಿ ತೆಗೆಯುತ್ತಿದ್ದಳು. ಮೂವತ್ತೆಂಟು ವರ್ಷ ಲಿಫ್ಟುಗಳ ಹಗ್ಗಕ್ಕೆ, ಹಳಿಗೆ, ಗಾಲಿಗೆ ಬಳಿದ ಗ್ರೀಸು ಅದು. ನಿವೃತ್ತಿಯಾಗಿ ಹನ್ನೊಂದು ವರ್ಷವಾದರೂ ಬೆರಳಿನ ಗೆರೆಗಳನ್ನು ಬಿಟ್ಟು ಹೋಗಿರಲಿಲ್ಲ. ಅಪ್ಪ ಈಗ ಬೇಡ ಅನ್ನುವ ಸ್ಥಿತಿಯಲ್ಲಿರಲಿಲ್ಲ. ನಿನ್ನೆ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, ಯಾಕೋ ಒಂಥರಾ ಆಗ್ತಿದೆ ಎಂದು ಗೋಡೆಗೆ ಒರಗಿದವನು ಮತ್ತೆ ಏಳಲಿಲ್ಲ.

"ಏನೇ ಅದು ವಾಸನೆ?" ಅಮ್ಮ ಬಾಗಿಲಲ್ಲಿ ನಿಂತು ಕೇಳಿದಳು.

"ಏನಿಲ್ಲಮ್ಮ. ಸ್ವಲ್ಪ ಚೊಕ್ಕ ಮಾಡ್ತಿದ್ದೀನಿ."

"ನಾನು ಸೋಪು ಹಾಕಿ ಉಜ್ಜಿದ್ದೀನಿ, ನಿಂಬೆಹಣ್ಣು ಹಾಕಿ ಉಜ್ಜಿದ್ದೀನಿ, ಮರಳು ಹಾಕಿ ಉಜ್ಜಿದ್ದೀನಿ. ಹೋಗ್ಲಿಲ್ಲ. ಈಗ ಹೋಗುತ್ತಾ?"

"ಹೋಗ್ತಿದೆ."

ಅಮ್ಮ ಹತ್ತಿರ ಬಂದು ನೋಡಿದಳು. ನಿಜಕ್ಕೂ ಹೋಗುತ್ತಿತ್ತು. ಎಡಗೈ ಯಾವುದೋ ಕಚೇರಿಯಲ್ಲಿ ಕೂತು ರುಜು ಹಾಕಿದವರ ಕೈಯಂತೆ ಬೆಳ್ಳಗಾಗಿತ್ತು. "ಅವರ ಕೈ ಅವರ ಕೈ ಥರಾನೇ ಇದ್ರೆ ಯಾರಿಗೇನು ತೊಂದರೆ?" ಎಂದಳು.

ಮಗಳು ಹತ್ತಿಯನ್ನು ಮತ್ತೆ ಒದ್ದೆ ಮಾಡಿದಳು. ಹನ್ನೆರಡು ಗಂಟೆಗೆ ಬೀಗರು ಬರುವವರಿದ್ದರು. ಬೀಗರ ಪಾಲಿಗೆ ಅಪ್ಪ ಮೆಕ್ಯಾನಿಕ್ ಅಲ್ಲ, ಎಂಜಿನಿಯರ್. ಮದುವೆಗೆ ಮೊದಲು, ಒಂದೇ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗ ನಿಮ್ಮಪ್ಪ ಏನು ಮಾಡ್ತಾರೆ ಎಂದು ಕೇಳಿದಾಗ ಮಗಳ ಬಾಯಿಂದ ಆ ಮಾತು ಜಾರಿತ್ತು. ಜಾರಿದ್ದನ್ನು ಮತ್ತೆ ಹಿಡಿಯುವ ಧೈರ್ಯ ಹನ್ನೆರಡು ವರ್ಷವಾದರೂ ಅವಳಿಗೆ ಬಂದಿರಲಿಲ್ಲ.

ನಡುಮನೆಯಲ್ಲಿ ಚಿಕ್ಕಪ್ಪ ಆ ದಿನದ ಪತ್ರಿಕೆ ಹಿಡಿದು ಕೂತಿದ್ದ. ಬಸ್ಸಿನ ಕಂಡಕ್ಟರಾಗಿದ್ದವನು. ಕೊನೆಯ ಸೀಟಿಗೂ ಕೇಳುವಂತೆ ಮಾತಾಡಿ ಅಭ್ಯಾಸ.

"ನಿಧನ ವಾರ್ತೆ," ಎಂದು ಓದಿದ. "ನಿವೃತ್ತ ಎಂಜಿನಿಯರ್, ಅರವತ್ತೊಂಬತ್ತು ವರ್ಷ, ಪತ್ನಿ, ಪುತ್ರಿ... ಅಲ್ಲಮ್ಮಾ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಅಣ್ಣ ಎಂಜಿನಿಯರ್ ಆಗಿದ್ದು ಯಾವಾಗ?"

"ಮೆತ್ತಗೆ ಚಿಕ್ಕಪ್ಪ."

"ನಾನೇನು ಡಂಗುರ ಹೊಡೀತಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ, ನೀನು ಹೇಳಿದ್ದು ಒಂದೇ. ಕಮ್ಮಿನೇ ಆಯ್ತು. ಆದ್ರೆ ಮದುವೆ ಮುಗಿದು ಇಷ್ಟು ವರ್ಷ ಆಯ್ತಲ್ಲ, ಇನ್ನೂ ಯಾಕೆ ಅಂತ."

ಮಗಳು ಅಪ್ಪನ ಬಲಗೈಯನ್ನು ಬಿಳಿಯ ಹೊದಿಕೆಯೊಳಗೆ ಸೇರಿಸಿ ಎದ್ದಳು. ಅಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು.

ಬಾಗಿಲಲ್ಲಿ ನಲವತ್ತೈದರ ಆಸುಪಾಸಿನ ಹೆಂಗಸೊಬ್ಬರು ನಿಂತಿದ್ದರು. ಹೆಗಲಿಗೆ ಬಟ್ಟೆಯ ಚೀಲ, ಮೂಗಿನ ತುದಿಗೆ ಜಾರಿದ ಕನ್ನಡಕ. ಏದುಸಿರು ಬಿಡುತ್ತಿದ್ದರು. ಸಾವಿನ ಮನೆಗೆ ಬಂದವರು ಮೊದಲು ಆಡುವ ಮಾತೊಂದಿರುತ್ತದಲ್ಲ, ಅದನ್ನು ಅವರು ಆಡಲಿಲ್ಲ.

"ಐವತ್ತನಾಲ್ಕು," ಎಂದರು. "ಮೆಟ್ಟಿಲು. ಎಣಿಸಿಕೊಂಡೇ ಬಂದೆ. ಅವರು ಬರೆದಿದ್ದು ಸರಿಯಾಗಿದೆ."

ಹಾಗೆಂದವರೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ನಡುಮನೆಯಲ್ಲಿ ಕುಳಿತಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸತ್ತವನ ಮನೆಗೆ ಗುರುತಿಲ್ಲದ ಹೆಂಗಸು ಬಂದು ಮನೆಯವರಿಗಿಂತ ಮೊದಲು ಅತ್ತರೆ ಜನ ಏನು ಯೋಚಿಸುತ್ತಾರೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಚಿಕ್ಕಪ್ಪ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದ. ಅವನ ಕಿವಿ ಮಾತ್ರ ಹೊರಗಿತ್ತು.

"ತಾವು ಯಾರು ಅಂತ ಗೊತ್ತಾಗ್ಲಿಲ್ಲ," ಎಂದಳು ಮಗಳು.

"ನನ್ನ ಹೆಸರು ಹೇಳಿದ್ರೆ ಇಲ್ಲಿ ಯಾರಿಗೂ ಗೊತ್ತಾಗಲ್ಲ. ಅಲ್ಪವಿರಾಮ ಅಂದ್ರೆ ಅವರ ಮನೆಯವರಿಗೆ ಗೊತ್ತಿರಬಹುದು."

ಒಳಗಿನಿಂದ ಅಮ್ಮ ಬಂದಳು. "ಅಲ್ಪವಿರಾಮನಾ ನೀವು? ಅಯ್ಯೋ ತಾಯಿ, ನಾನು ಗಂಡಸು ಅಂದ್ಕೊಂಡಿದ್ದೆ. ಬೆಳಿಗ್ಗೆ ಎದ್ದು ನಿಮ್ಮ ಜೊತೆ ಒಂದು ಜಗಳ ಆಡದೆ ಇವರಿಗೆ ತಿಂಡಿ ಸೇರ್ತಿರಲಿಲ್ಲವಲ್ಲ." ಹಾಗೆಂದು ಅವರ ಕೈ ಹಿಡಿದುಕೊಂಡಳು. ನಿನ್ನೆಯಿಂದ ಗಟ್ಟಿಯಾಗಿಯೇ ಇದ್ದ ಅಮ್ಮ ಆಗ ಮೊದಲ ಸಲ ಅತ್ತಳು.

*

ಮದುವೆಯಾಗಿ ಹೋಗುವಾಗ ಮಗಳು ಒಂದು ಹಳೆಯ ಕಂಪ್ಯೂಟರನ್ನು ತವರಲ್ಲೇ ಬಿಟ್ಟು ಹೋಗಿದ್ದಳು. ಮರುವರ್ಷ ಅಪ್ಪನಿಗೆ ನಿವೃತ್ತಿಯಾಯಿತು. ಮೊದಲ ತಿಂಗಳು ಮನೆಯ ರೇಡಿಯೋ ಬಿಚ್ಚಿದ, ಎರಡನೆಯ ತಿಂಗಳು ಪಕ್ಕದ ಮನೆಯವರದ್ದು ಬಿಚ್ಚಿದ. ಮೂರನೆಯ ತಿಂಗಳು ಅಮ್ಮ ಕೈಮುಗಿದು, ಆ ಕಂಪ್ಯೂಟರಾದರೂ ಮುಟ್ಟಿ, ಅದು ಹಾಳಾದರೆ ಯಾರೂ ಕೇಳುವುದಿಲ್ಲ ಎಂದಳು.

ಅಪ್ಪ ಅದರಲ್ಲಿ ಮೊದಲು ಹುಡುಕಿದ್ದು ಲಿಫ್ಟು. ಅಂತರ್ಜಾಲದಲ್ಲಿ ಒಂದು ವಿಶ್ವಕೋಶ ಸಿಕ್ಕಿತು. ಅದನ್ನು ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು, ಯಾರಿಗೂ ಸಂಬಳವಿಲ್ಲ. ಅಲ್ಲಿ ಲಿಫ್ಟಿನ ಬಗ್ಗೆ ಹದಿನೇಳು ಸಾಲು ಇದ್ದವು. ಹಗ್ಗ ಹರಿದರೆ ಲಿಫ್ಟು ಕೆಳಗೆ ಬೀಳುತ್ತದೆ ಎಂದು ಒಂಬತ್ತನೆಯ ಸಾಲಿನಲ್ಲಿತ್ತು. ಅಪ್ಪನಿಗೆ ರೇಗಿಹೋಯಿತು. ಹಗ್ಗ ಹರಿದರೆ ತಳದಲ್ಲಿರುವ ಬ್ರೇಕು ತಾನಾಗಿ ಎರಡೂ ಕಡೆಯ ಹಳಿಯನ್ನು ಕಚ್ಚಿ ಹಿಡಿಯುತ್ತದೆ, ಬೀಳುವ ಪ್ರಶ್ನೆಯೇ ಇಲ್ಲ ಎಂದು ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಸರಿಮಾಡಿದ. ಅರ್ಧ ಗಂಟೆಯಲ್ಲಿ ಅದನ್ನು ಯಾರೋ ತೆಗೆದುಹಾಕಿದ್ದರು. ಪಕ್ಕದಲ್ಲಿ ಕಾರಣ ಬರೆದಿತ್ತು: ಆಧಾರವಿಲ್ಲ. ತೆಗೆದವರ ಹೆಸರು ಅಲ್ಪವಿರಾಮ.

"ಆಧಾರ ನಾನೇ," ಎಂದು ಅಪ್ಪ ಅವರಿಗೆ ಬರೆದ. "ಮೂವತ್ತೆಂಟು ವರ್ಷ ಆ ಬ್ರೇಕಿನ ಕೆಳಗೆ ಮಲಗಿದ್ದೇನೆ."

"ನಿಮ್ಮ ಅನುಭವಕ್ಕೆ ನಮಸ್ಕಾರ," ಎಂದು ಉತ್ತರ ಬಂತು. "ಆದರೆ ನೀವು ಹೇಳಿದ್ದು ಇಲ್ಲಿ ಆಧಾರವಾಗುವುದಿಲ್ಲ. ಅಚ್ಚಾದದ್ದು ಬೇಕು."

ಅಪ್ಪ ಮೂರು ದಿನ ಸಿಟ್ಟು ಮಾಡಿಕೊಂಡು ಆ ಕಡೆ ತಲೆ ಹಾಕಲಿಲ್ಲ. ನಾಲ್ಕನೆಯ ದಿನ ಊರಿನ ಗ್ರಂಥಾಲಯಕ್ಕೆ ಹೋಗಿ, ತನ್ನ ವಿಷಯದ ಪುಸ್ತಕ ಹುಡುಕಿ, ಪುಟಸಂಖ್ಯೆ ಬರೆದುಕೊಂಡು ಬಂದ. ಆ ಸಾಲು ನಿಂತಿತು. ಅಲ್ಲಿಂದ ಆಧಾರದ ವಿಷಯದಲ್ಲಿ ಅಪ್ಪನಷ್ಟು ಕಟ್ಟುನಿಟ್ಟಿನವರು ಆ ವಿಶ್ವಕೋಶದಲ್ಲಿ ಮತ್ತೊಬ್ಬರಿರಲಿಲ್ಲ. ಹೊಸದಾಗಿ ನಂಬಿದವರು ಹಾಗೆಯೇ. ಒಮ್ಮೆ ಅಲ್ಪವಿರಾಮ ತಮ್ಮ ಶಾಲೆಯ ಬಾವಿಯ ಬಗ್ಗೆ ನೆನಪಿನಿಂದ ಎರಡು ಸಾಲು ಬರೆದಿದ್ದಕ್ಕೆ ಅಪ್ಪ ಅದನ್ನೂ ಅಳಿಸಿಬಿಟ್ಟ. ಸ್ನೇಹ ಗಟ್ಟಿಯಾಗಿದ್ದು ಆಮೇಲೆ.

ಮಗಳಿಗೆ ಇದರಲ್ಲಿ ಯಾವುದೂ ಗೊತ್ತಿರಲಿಲ್ಲ. ಫೋನಿನಲ್ಲಿ ಅಪ್ಪ ಏನು ಮಾಡ್ತಿದ್ದಾನೆ ಎಂದರೆ ಅಮ್ಮ, ಏನೋ ಕುಟ್ಟುತ್ತಾ ಕೂತಿದ್ದಾರೆ ಎನ್ನುತ್ತಿದ್ದಳು. ಮಗಳು ಅಲ್ಲಿಗೇ ಬಿಡುತ್ತಿದ್ದಳು.

*

ಅಡುಗೆಮನೆಯಲ್ಲಿ ಕಾಫಿ ಕೊಟ್ಟರೆ ಅಲ್ಪವಿರಾಮ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಕೂತರು, ಕುಡಿಯಲಿಲ್ಲ.

"ಇವತ್ತು ಕೇಳೋ ಮಾತಲ್ಲ ಇದು," ಎಂದರು. "ಕೇಳದೆ ಹೋದ್ರೆ ನಾಳೆ ಕಾಲ ಮಿಂಚಿರುತ್ತೆ. ನಿಮ್ಮ ತಂದೆ ಏನು ಕೆಲಸದಲ್ಲಿದ್ರು?"

ಮಗಳು ಲೋಟ ತೊಳೆಯುತ್ತಿದ್ದವಳು ತೊಳೆಯುತ್ತಲೇ ಇದ್ದಳು. "ಯಾಕೆ?"

ಅಲ್ಪವಿರಾಮ ಚೀಲದಿಂದ ಫೋನು ತೆಗೆದು ಒಂದು ಪುಟವನ್ನು ಅವಳ ಮುಂದಿಟ್ಟರು. ವಿಶ್ವಕೋಶದಲ್ಲಿ ಬರೆಯುವ ಪ್ರತಿಯೊಬ್ಬರಿಗೂ ತಮ್ಮ ಪರಿಚಯ ಹೇಳಿಕೊಳ್ಳಲು ಒಂದೊಂದು ಪುಟವಿರುತ್ತದಂತೆ. ಮೇಲೆ ಅಪ್ಪನ ಚಿತ್ರ, ಪತ್ರಿಕೆಗೆ ಕೊಟ್ಟಿದ್ದ ಚಿತ್ರವೇ. ಅದರ ಕೆಳಗೆ ಅವನು ಇಟ್ಟುಕೊಂಡಿದ್ದ ಹೆಸರು: ಮೂರನೇ ಮಹಡಿ. ಮಗಳು ಕೈ ಒರೆಸಿಕೊಂಡು ಓದಿದಳು.

‘ನಮಸ್ಕಾರ. ನಾನು ಲಿಫ್ಟ್ ಮೆಕ್ಯಾನಿಕ್. ಶಾಲೆಯಲ್ಲಿ ಓದಿದ್ದು ಎಂಟನೆಯ ತರಗತಿ. ಆಮೇಲಿನದನ್ನು ಲಿಫ್ಟಿನ ತಲೆಯ ಮೇಲೆ ಕೂತು ಟಾರ್ಚಿನ ಬೆಳಕಿನಲ್ಲಿ ಓದಿದ್ದೇನೆ. ನಮ್ಮ ಮನೆ ಮೂರನೇ ಮಹಡಿಯಲ್ಲಿದೆ, ಕಟ್ಟಡಕ್ಕೆ ಲಿಫ್ಟ್ ಇಲ್ಲ. ಐವತ್ತನಾಲ್ಕು ಮೆಟ್ಟಿಲು. ದೀಪದ ಬುಡದಲ್ಲಿ ಕತ್ತಲೆ ಎಂದು ನಗುವವರು ನಗಬಹುದು.

‘ನನ್ನ ಹವ್ಯಾಸಗಳು. ಮೊದಲನೆಯದು ಮೆಟ್ಟಿಲು ಎಣಿಸುವುದು. ಲಿಫ್ಟು ಕೆಟ್ಟಾಗಲೇ ನಮ್ಮನ್ನು ಕರೆಯುವುದರಿಂದ ನಾವು ಎಲ್ಲ ಕಟ್ಟಡಗಳನ್ನೂ ನಡೆದೇ ಹತ್ತಿದವರು. ಎರಡನೆಯದು ತಪ್ಪು ಹುಡುಕುವುದು. ಇದು ಹವ್ಯಾಸವಲ್ಲ, ಚಾಳಿ ಎಂದು ನನ್ನ ಹೆಂಡತಿಯ ಅಭಿಪ್ರಾಯ. ಮೂರನೆಯದು ರೇಡಿಯೋ ಬಿಚ್ಚುವುದು. ಜೋಡಿಸುವುದು ಎಂದು ಬರೆದಿಲ್ಲ, ಗಮನಿಸಿ.

‘ನನಗೆ ಒಬ್ಬಳು ಮಗಳು. ಅವಳ ವಿಷಯ ಇಲ್ಲಿ ಬರೆಯುವುದಿಲ್ಲ. ತನಗೆ ಬಹಳ ಹತ್ತಿರದವರ ಬಗ್ಗೆ ಬರೆಯಬಾರದು, ಪಕ್ಷಪಾತವಾಗುತ್ತದೆ ಎಂದು ನಮ್ಮಲ್ಲಿ ನಿಯಮವಿದೆ.’

ಮಗಳು ಕೊನೆಯ ಸಾಲನ್ನು ಎರಡು ಸಲ ಓದಿದಳು.

"ಅದರ ಕೆಳಗಿರೋದನ್ನ ಓದಿ," ಎಂದರು ಅಲ್ಪವಿರಾಮ. "ಇವತ್ತು ಬೆಳಿಗ್ಗೆ ಹಾಕಿದ್ದು. ಗೂಬೆಕಣ್ಣು ಅಂತ ಇದೇ ಊರಿನ ಒಬ್ಬ ಹೊಸಬ. ಅವನು ಪತ್ರಿಕೆ ನೋಡಿ ಹೇಳಿದ್ದಕ್ಕೇ ನಮಗೆಲ್ಲ ವಿಷಯ ಗೊತ್ತಾಗಿದ್ದು, ನಾನು ಮೊದಲನೇ ಬಸ್ಸು ಹತ್ತಿದ್ದು."

ಕೆಂಪು ಚೌಕಟ್ಟಿನೊಳಗೆ ನಾಲ್ಕು ಸಾಲಿದ್ದವು. ಈ ವ್ಯಕ್ತಿ ತನ್ನ ಕಸುಬಿನ ಬಗ್ಗೆ ಹೇಳಿಕೊಂಡಿರುವುದು ಪತ್ರಿಕೆಯಲ್ಲಿ ಬಂದ ವಿವರಕ್ಕೆ ವಿರುದ್ಧವಾಗಿದೆ. ಇವರು ಎಂಜಿನಿಯರ್. ಸ್ವಂತ ಪರಿಚಯ ನಂಬಲರ್ಹವಲ್ಲ. ಇವರು ಬರೆದ ಇನ್ನೂರ ಹದಿನಾಲ್ಕು ಲೇಖನಗಳನ್ನು ಮತ್ತೆ ಪರಿಶೀಲಿಸಬೇಕು.

"ತೀರಿಹೋದವರ ಪುಟಕ್ಕೆ ನಾವು ಬೀಗ ಹಾಕ್ತೀವಿ," ಅಲ್ಪವಿರಾಮ ವಿವರಿಸಿದರು. "ನಾಳೆ ಸಂಜೆ ಹಾಕ್ತಾರೆ. ಆಮೇಲೆ ಯಾರೂ ಮುಟ್ಟೋ ಹಾಗಿಲ್ಲ, ಹೇಗಿದೆಯೋ ಹಾಗೇ ಉಳಿಯುತ್ತೆ. ನನಗೆ ಮೂರನೇ ಮಹಡಿಯವರು ಗೊತ್ತು. ಹನ್ನೊಂದು ವರ್ಷದಲ್ಲಿ ಒಂದು ಸುಳ್ಳು ಹೇಳಿದ್ದನ್ನ ನಾನು ಕಂಡಿಲ್ಲ. ಆದ್ರೆ ನಾನು ಹೇಳಿದ್ರೆ ಆಧಾರ ಆಗಲ್ಲ. ಪತ್ರಿಕೆಯಲ್ಲಿ ಅಚ್ಚಾಗಿದೆಯಲ್ಲ, ಅದೇ ಆಧಾರ. ಈ ನಿಯಮಕ್ಕೆ ಎಲ್ಲರಿಗಿಂತ ಜಾಸ್ತಿ ಹಠ ಹಿಡಿದೋರು ಅವರೇ. ಅದಕ್ಕೇ ನೇರವಾಗಿ ಕೇಳೋಣ ಅಂತ ಬಂದೆ. ಯಾವುದು ನಿಜ?"

ಹೊರಗೆ ಮೆಟ್ಟಿಲ ಮೇಲೆ ಹಲವು ಹೆಜ್ಜೆಗಳ ಸದ್ದು ಕೇಳಿಸಿತು. ಬೀಗರು ಹೇಳಿದ ಸಮಯಕ್ಕಿಂತ ಮೊದಲೇ ಬಂದಿದ್ದರು. ಮಾವನ ದನಿ ಕೇಳಿಸಿದ್ದೇ ತಡ ಮಗಳು ಅಡುಗೆಮನೆಯ ಬಾಗಿಲನ್ನು ಅರ್ಧ ಮುಚ್ಚಿದಳು.

"ಪತ್ರಿಕೆಯಲ್ಲಿರೋದೇ ಸರಿ," ಎಂದಳು.

ಅಲ್ಪವಿರಾಮ ಅವಳನ್ನೇ ಒಂದು ಗಳಿಗೆ ನೋಡಿದರು. "ಸರಿ," ಎಂದರು. ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟರು. "ಹಾಗಾದ್ರೆ ಅವರು ಒಂದು ಸಲ ಹಾಗೆ ಬರ್ಕೊಂಡಿದ್ದೂ ಸರಿನೇ ಇರ್ಬೇಕು. ನನಗೇ ಅರ್ಥ ಆಗಿರಲಿಲ್ಲ."

"ಯಾವ ಸಲ?"

"ನಮ್ಮಲ್ಲಿ ಏನು ಬದಲಾಯಿಸಿದ್ರೂ ಹಳೇದು ಅಳಿಯೋದಿಲ್ಲ. ತಾರೀಖು, ಗಂಟೆ, ಕಾರಣ ಸಮೇತ ಉಳಿಯುತ್ತೆ." ಅವರು ಫೋನಿನಲ್ಲಿ ಎಲ್ಲೋ ಒತ್ತಿ ಒಂದು ಪಟ್ಟಿ ತೆರೆದರು. ಆರು ವರ್ಷದ ಹಿಂದಿನ ಒಂದು ದಿನ. ಸಂಜೆ ಆರೂ ಹತ್ತಕ್ಕೆ ಅಪ್ಪ ತನ್ನ ಪರಿಚಯದಲ್ಲಿ ಮೆಕ್ಯಾನಿಕ್ ಎಂಬುದನ್ನು ತೆಗೆದು ಎಂಜಿನಿಯರ್ ಎಂದು ಹಾಕಿದ್ದ. ಕಾರಣ: ಮಗಳಿಗೆ ಅನುಕೂಲವಾಗಲಿ ಅಂತ. ಮರುದಿನ ಬೆಳಿಗ್ಗೆ ಏಳಕ್ಕೆ ಎಂಜಿನಿಯರ್ ಎಂಬುದನ್ನು ತೆಗೆದು ಮತ್ತೆ ಮೆಕ್ಯಾನಿಕ್ ಎಂದು ಹಾಕಿದ್ದ. ಕಾರಣ: ಆಧಾರವಿಲ್ಲ.

ಆ ತಾರೀಖನ್ನು ಮಗಳಿಗೆ ಯಾರೂ ನೆನಪಿಸಬೇಕಾಗಿರಲಿಲ್ಲ.

*

ಅವಳ ಮಗಳಿಗೆ ಅವತ್ತು ನಾಲ್ಕು ವರ್ಷ ತುಂಬಿತ್ತು. ಏಳನೇ ಮಹಡಿಯ ಮನೆಯ ತುಂಬ ನೆಂಟರು. ಕೇಕು ತರಲು ಹೋದ ಮಾವ ಬರಲೇ ಇಲ್ಲ. ನಾಲ್ಕು ಮತ್ತು ಐದನೇ ಮಹಡಿಯ ನಡುವೆ ಲಿಫ್ಟು ನಿಂತುಬಿಟ್ಟಿತ್ತು. ಒಳಗೆ ಕತ್ತಲಲ್ಲಿ ಮಾವ, ಅವರ ಕೈಯಲ್ಲಿ ಕೇಕು. ಕಂಪನಿಗೆ ಫೋನು ಮಾಡಿದರೆ ಎರಡು ಗಂಟೆ ಆಗುತ್ತದೆ ಎಂದರು. ಲಿಫ್ಟಿನ ಬಾಗಿಲು ಗುದ್ದುವ ಸದ್ದು ಮೇಲಿನವರೆಗೂ ಕೇಳುತ್ತಿತ್ತು. ಮಾವನಿಗೆ ಎದೆಯ ತೊಂದರೆ ಬೇರೆ.

ಅಪ್ಪ ಪ್ಯಾಂಟಿನ ಜೇಬಿನಲ್ಲಿ ಯಾವಾಗಲೂ ಇರುತ್ತಿದ್ದ ಲಿಫ್ಟಿನ ಬಾಗಿಲು ತೆರೆಯುವ ಮೂರು ಮೂಲೆಯ ಕೀಲಿ ತೆಗೆದುಕೊಂಡು, ತಾರಸಿಯ ಮೇಲಿನ ಲಿಫ್ಟಿನ ಯಂತ್ರದ ಕೋಣೆಗೆ ಹತ್ತಿ, ವಿದ್ಯುತ್ತು ತೆಗೆದು, ಚಕ್ರವನ್ನು ಕೈಯಿಂದಲೇ ತಿರುಗಿಸಿ ಲಿಫ್ಟನ್ನು ಇಂಚಿಂಚಾಗಿ ಮೇಲೆ ತಂದ. ಐದನೇ ಮಹಡಿಯ ಬಾಗಿಲು ತೆರೆದು, ಬೆವತು ತೊಯ್ದುಹೋಗಿದ್ದ ಮಾವನಿಗೆ ಕೈಕೊಟ್ಟು ಮೇಲಕ್ಕೆ ಎಳೆದುಕೊಂಡ. ನೆಂಟರೆಲ್ಲ ಸುತ್ತ ನಿಂತಿದ್ದರು. ಅಪ್ಪನ ಬಿಳಿ ಅಂಗಿಯ ತುಂಬ ಗ್ರೀಸು, ಮೊಣಕೈವರೆಗೂ ಗ್ರೀಸು.

"ಎಂಜಿನಿಯರ್ ಸಾಹೇಬ್ರೇ, ನೀವೇ ಕೈಯಾರೆ?" ಎಂದರು ಮಾವ, ತಮ್ಮ ಅಂಗೈಗೆ ಅಂಟಿದ ಕಪ್ಪನ್ನು ನೋಡಿಕೊಳ್ಳುತ್ತ.

ಎಲ್ಲರ ಕಣ್ಣೂ ಅಪ್ಪನ ಮೇಲಿತ್ತು. ಮಗಳು ನಕ್ಕಳು. ಬೀಗರ ಮುಂದೆ ಮಾತ್ರ ಅವಳು ಅಪ್ಪನಿಗೆ ಬಹುವಚನ ಹಚ್ಚುತ್ತಿದ್ದಳು. "ನೋಡಿ ಅಪ್ಪ, ನಿಮ್ಮ ಅವತಾರ. ನೀವ್ಯಾಕೆ ಮುಟ್ಟೋಕೆ ಹೋದ್ರಿ? ಇಂಥ ಕೆಲಸಕ್ಕೆ ಯಾರಾದ್ರೂ ಮೆಕ್ಯಾನಿಕ್ ಬರ್ತಿದ್ದ."

"ಹೌದು," ಎಂದ ಅಪ್ಪ. "ಮೆಕ್ಯಾನಿಕ್ ಬರ್ತಿದ್ದ."

ಆಮೇಲೆ ಅವನು ಬಚ್ಚಲಲ್ಲಿ ಬಹಳ ಹೊತ್ತು ಕೈ ತೊಳೆದ. ಕೇಕನ್ನು ಚಮಚದಲ್ಲಿ ತಿಂದ. ಬಸ್ಸಿಗೆ ಹೊತ್ತಾಯಿತು ಎಂದು ನಾಲ್ಕಕ್ಕೇ ಹೊರಟ. ಆ ಬಸ್ಸು ಅರ್ಧ ಗಂಟೆಗೊಂದು ಇರುವುದು ಮಗಳಿಗೆ ಗೊತ್ತಿತ್ತು, ಆದರೂ ಇರು ಎನ್ನಲಿಲ್ಲ. ಅದಾದ ಮೇಲೆ ಅಪ್ಪ ಅವಳ ಮನೆಗೆ ಬಂದದ್ದು ಆರು ವರ್ಷದಲ್ಲಿ ಮೂರು ಸಲ. ಮೂರು ಸಲವೂ ಕೈಗಳನ್ನು ಜೇಬಿನಿಂದ ಹೊರಗೆ ತೆಗೆದಿರಲಿಲ್ಲ.

*

ಮಗಳು ನಡುಮನೆಗೆ ಬಂದಾಗ ಮಾವ ಕುರ್ಚಿಯಲ್ಲಿ ಕೂತು ಐವತ್ತನಾಲ್ಕು ಮೆಟ್ಟಿಲಿನ ದಣಿವಾರಿಸಿಕೊಳ್ಳುತ್ತಿದ್ದರು. ನೋಂದಣಿ ಕಚೇರಿಯಲ್ಲಿ ಅಧಿಕಾರಿಯಾಗಿದ್ದವರು. ಮುದ್ರೆ ಬಿದ್ದದ್ದು ಮಾತ್ರ ನಿಜ ಎಂದು ನಂಬಿ ಬದುಕಿದವರು. ಗಂಡ ಶವ ಒಯ್ಯುವ ಗಾಡಿಯವನಿಗೆ ದಾರಿ ಹೇಳಲು ಕೆಳಗೇ ನಿಂತಿದ್ದ.

ಮಗಳು ಪತ್ರಿಕೆಯನ್ನು ಚಿಕ್ಕಪ್ಪನ ಕೈಯಿಂದ ತೆಗೆದುಕೊಂಡಳು. ಕೊನೆಯ ಪುಟದ ಕೆಳಗೆ ಫೋನ್ ಸಂಖ್ಯೆ ಇತ್ತು. ಮರುದಿನದ ಪ್ರಕಟಣೆಗಳನ್ನು ಮಧ್ಯಾಹ್ನ ಎರಡರವರೆಗೆ ತೆಗೆದುಕೊಳ್ಳಲಾಗುವುದು ಎಂದಿತ್ತು. ಅಡುಗೆಮನೆಗೆ ಹೋಗಿ, ಬಾಗಿಲು ಹಾಕಿಕೊಂಡು ಮಾತಾಡಬಹುದಿತ್ತು. ಅವಳ ಕಾಲು ಆ ಕಡೆ ಎರಡು ಹೆಜ್ಜೆ ಇಟ್ಟಿದ್ದೂ ನಿಜ. ಆದರೆ ಅಡುಗೆಮನೆಯ ಬಾಗಿಲಲ್ಲಿ ಅಲ್ಪವಿರಾಮ ನಿಂತಿದ್ದರು, ಅವರ ಹಿಂದೆ ಅಮ್ಮ. ಮಗಳು ಅಲ್ಲೇ, ಎಲ್ಲರ ನಡುವೆ ನಿಂತು ಸಂಖ್ಯೆ ಒತ್ತಿದಳು.

"ಇವತ್ತು ಒಂದು ನಿಧನ ವಾರ್ತೆ ಬಂದಿದೆ. ಅದರಲ್ಲಿ ತಪ್ಪಾಗಿದೆ. ತಿದ್ದುಪಡಿ ಹಾಕಬೇಕು."

"ಹೇಳಿ ಮೇಡಂ, ಏನು ತಪ್ಪು?" ಆ ಕಡೆ ಯಾವನೋ ಗುಮಾಸ್ತ. ಬಾಯಲ್ಲಿ ಏನೋ ಜಗಿಯುತ್ತಿದ್ದ.

"ನಿವೃತ್ತ ಎಂಜಿನಿಯರ್ ಅಂತ ಇದೆ. ನಿವೃತ್ತ ಲಿಫ್ಟ್ ಮೆಕ್ಯಾನಿಕ್ ಅಂತ ಆಗಬೇಕು."

ಮಾವ ಕುರ್ಚಿಯಿಂದ ಎದ್ದರು. ಗುಮಾಸ್ತ, ಒಂದು ನಿಮಿಷ, ಹಳೇದು ತೆಗೀತೀನಿ ಎಂದ. ಆ ಒಂದು ನಿಮಿಷದಲ್ಲಿ ಮಾವ ಅವಳ ಹತ್ತಿರ ಬಂದು ದನಿ ತಗ್ಗಿಸಿದರು.

"ಏನಮ್ಮ ಇದು? ಹೋದೋರು ಹೋದ್ರು. ಈಗ ಇದೆಲ್ಲ ಬೇಕಾ?"

"ಮಾವ, ಅಪ್ಪ ಎಂಜಿನಿಯರ್ ಆಗಿರಲಿಲ್ಲ. ನಾನು ಸುಳ್ಳು ಹೇಳಿದ್ದೆ."

"ನಾನೇನು ಎಳೇ ಮಗುನಾ? ಆ ಲಿಫ್ಟಿಂದ ನನ್ನ ಎಳೆದು ತೆಗೆದ್ರಲ್ಲ, ಅವತ್ತೇ ಗೊತ್ತಾಯ್ತು. ಯಾವ ಎಂಜಿನಿಯರ್ ಜೇಬಲ್ಲಿ ಆ ಕೀಲಿ ಇಟ್ಕೊಂಡು ಓಡಾಡ್ತಾನೆ?"

"ಮತ್ತೆ ಯಾಕೆ..."

"ಗೊತ್ತಿರೋದು ಬೇರೆ, ಅಚ್ಚಾಗೋದು ಬೇರೆ. ಇವತ್ತು ಬೆಳಿಗ್ಗೆ ನಮ್ಮ ನೆಂಟರಿಗೆಲ್ಲ ಈ ಪ್ರಕಟಣೆ ನಾನೇ ಕಳಿಸಿದ್ದೀನಿ. ನಾಳೆ ಅವರ ಮುಂದೆ ನಾನು ಯಾವ ಮುಖ ಇಟ್ಕೊಂಡು ಕೂರ್ಲಿ? ನಿನ್ನ ಮಗಳು ನಾಳೆ ದೊಡ್ಡೋಳಾಗ್ತಾಳೆ, ಅದನ್ನಾದ್ರೂ ಯೋಚನೆ ಮಾಡು." ಅವರು ಸುತ್ತ ನೋಡಿ ಇನ್ನಷ್ಟು ತಗ್ಗಿಸಿ ಹೇಳಿದರು. "ಹಾಕಿಸಲೇಬೇಕು ಅಂತಿದ್ರೆ ಪತ್ರಿಕೆಯವರ ತಪ್ಪು ಅಂತ ಹಾಕಿಸು. ಅವರದ್ದು ದಿನಾ ಇರೋದೇ. ಹಾವೂ ಸಾಯಲಿ, ಕೋಲೂ ಮುರಿಯದಿರಲಿ."

ಮಾವ ಕೆಟ್ಟವರಲ್ಲ, ಅವರು ಹೇಳಿದ್ದರಲ್ಲಿ ತಪ್ಪೂ ಕಾಣಲಿಲ್ಲ. ಒಂದು ಸಣ್ಣ ಸುಳ್ಳು, ಎಲ್ಲರಿಗೂ ಅನುಕೂಲ. ಆ ಅನುಕೂಲ ಎಂಬ ಮಾತನ್ನು ಈಗಷ್ಟೇ ಎಲ್ಲೋ ಓದಿದ್ದಳು.

"ಸಿಕ್ತು ಮೇಡಂ," ಗುಮಾಸ್ತ ಮತ್ತೆ ಬಂದ. "ತಪ್ಪು ನಮ್ಮದು ಅಂತ ಹಾಕೋದಾ, ಪ್ರಕಟಣೆ ಕೊಟ್ಟವರದ್ದು ಅಂತ ಹಾಕೋದಾ? ಎರಡಕ್ಕೂ ಬೇರೆ ಬೇರೆ ಒಕ್ಕಣೆ ಇದೆ."

"ಕೊಟ್ಟವರದ್ದು."

"ಕೊಟ್ಟವರು ಅಂದ್ರೆ?"

"ಮಗಳು," ಎಂದಳು. "ಮಗಳು ತಪ್ಪಾಗಿ ಕೊಟ್ಟಿದ್ದಳು ಅಂತ ಬರೀರಿ. ಲಿಫ್ಟ್ ಮೆಕ್ಯಾನಿಕ್. ಮೂವತ್ತೆಂಟು ವರ್ಷ."

"ಮೂವತ್ತೆಂಟು ವರ್ಷ ಅನ್ನೋದು ಹಳೇದರಲ್ಲಿ ಇಲ್ಲವಲ್ಲ."

"ಇಲ್ಲ. ಅದನ್ನೂ ಸೇರಿಸಿ."

ಗುಮಾಸ್ತ ಬರೆದದ್ದನ್ನು ಓದಿ ಹೇಳಿದ, ಅವಳು ಹೂಂಗುಟ್ಟಿದಳು. ಫೋನು ಇಟ್ಟಾಗ ಮಾವ ಕುರ್ಚಿಯಲ್ಲಿರಲಿಲ್ಲ. ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದರು. "ನಿನ್ನಿಷ್ಟ," ಎಂದರು, ಅವಳ ಕಡೆ ತಿರುಗದೆ. ಅತ್ತೆ ಏನು ಮಾಡಬೇಕೋ ತಿಳಿಯದೆ ಒಮ್ಮೆ ಇವಳನ್ನು, ಒಮ್ಮೆ ಗಂಡನನ್ನು ನೋಡಿ, ಕೊನೆಗೆ ಗಂಡನ ಹಿಂದೆ ಹೋದರು.

ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡ. ಏನಾದರೂ ಗಾದೆ ಹೇಳಿಯಾನು ಎಂದು ಎಲ್ಲರೂ ಕಾದರು. ಅವನು ಅವಳ ಕೈಯಿಂದ ಪತ್ರಿಕೆ ತೆಗೆದುಕೊಂಡು, ನಾಲ್ಕಾಗಿ ಮಡಚಿ ಜೇಬಿಗೆ ಸೇರಿಸಿದ.

ಅಷ್ಟರಲ್ಲೇ ಗಾಡಿ ಬಂತು. ಗಾಡಿಯ ಜೊತೆ ಬಂದ ಇಬ್ಬರು, ಲಿಫ್ಟ್ ಇಲ್ವಾ ಎಂದು ಕೇಳಿದರು. ಇಲ್ಲ ಎಂದಳು ಅಮ್ಮ. ಆಮೇಲೆ ಮಗಳ ಹತ್ತಿರ ಬಂದು, ಮೇಜಿನ ಮೇಲೆ ಹಾಗೇ ಉಳಿದಿದ್ದ ಹತ್ತಿಯನ್ನೂ ಸೀಸೆಯನ್ನೂ ತೋರಿಸಿದಳು. "ಇನ್ನೊಂದು ಕೈ ಬಾಕಿ ಇದೆಯಲ್ಲೇ. ಮಾಡೋದಿದ್ರೆ ಬೇಗ ಮಾಡು."

"ಬೇಡಮ್ಮ."

"ಒಂದು ಬೆಳ್ಳಗೆ, ಒಂದು ಕಪ್ಪಗೆ ಇದ್ರೆ ಚೆನ್ನಾಗಿರುತ್ತಾ?"

ಚೆನ್ನಾಗಿರುವುದಿಲ್ಲ ಎಂದು ಮಗಳಿಗೂ ಗೊತ್ತಿತ್ತು. ತೆಗೆದ ಕಪ್ಪನ್ನು ಮತ್ತೆ ಹಚ್ಚುವ ದ್ರವ ಯಾವ ಸೀಸೆಯಲ್ಲೂ ಸಿಗುವುದಿಲ್ಲ. ಅವಳು ಅಪ್ಪನ ಪಕ್ಕ ಮಂಡಿಯೂರಿ ಕೂತು ಅತ್ತಳು, ಜೋರಾಗಿಯೇ ಅತ್ತಳು.

ಗಂಡ, ಚಿಕ್ಕಪ್ಪ ಮತ್ತು ಆ ಇಬ್ಬರು ಅಪ್ಪನನ್ನು ಹೊತ್ತರು. ಅಲ್ಪವಿರಾಮ ಹಿಂದೆ ನಡೆಯುತ್ತ, ಪಿಸುದನಿಯಲ್ಲಿ ಮೆಟ್ಟಿಲು ಎಣಿಸುತ್ತಿದ್ದರು. ಎರಡನೇ ಮಹಡಿಯ ತಿರುವಿನಲ್ಲಿ ಮಾವ ಗೋಡೆಗೆ ಆತು ನಿಂತಿದ್ದರು, ಇಳಿಯಲು ಹೊರಟವರು ಪೂರ್ತಿ ಇಳಿದಿರಲಿಲ್ಲ. ತಿರುವು ಇಕ್ಕಟ್ಟಾಗಿತ್ತು. ಹೊತ್ತವರು ಓರೆ ಮಾಡಿದಾಗ ಹೊದಿಕೆ ಸರಿದು ಎರಡೂ ಕೈ ಹೊರಗೆ ಬಂದವು. ಚಿಕ್ಕಪ್ಪ ಒಂದು ಕೈಯಿಂದ ಬಟ್ಟೆ ಎಳೆಯಲು ಹೋದ.

"ಇರಲಿ ಬಿಡು ಚಿಕ್ಕಪ್ಪ," ಎಂದಳು ಮಗಳು.

ಅವಳು ಮುಂದೆ ಬಂದು, ಅಪ್ಪನ ಎಡಗೈಯನ್ನು ಎದೆಯ ಮೇಲಿಟ್ಟು, ಅದರ ಮೇಲೆ ಬಲಗೈಯನ್ನು ಇಟ್ಟಳು. ಮಾವನ ಮುಖಕ್ಕೂ ಆ ಕೈಗೂ ಒಂದು ಗೇಣು ಅಂತರವಿತ್ತು. ಮೆಟ್ಟಿಲ ಕಿಟಕಿಯ ಬಿಸಿಲಲ್ಲಿ ಅದರ ಉಗುರಿನ ಸುತ್ತಲಿನ ಕಪ್ಪು, ಬೆರಳಿನ ಒಂದೊಂದು ಗೆರೆಯ ಕಪ್ಪು ಅಚ್ಚು ಹಾಕಿದ ಹಾಗೆ ಕಾಣುತ್ತಿತ್ತು. ಹೊತ್ತವರು ಮತ್ತೆ ಇಳಿಯತೊಡಗಿದರು, ಹಿಂದಿನಿಂದ ಅಲ್ಪವಿರಾಮ ಇಪ್ಪತ್ತು, ಇಪ್ಪತ್ತೊಂದು ಎಂದು ಎಣಿಸುವುದು ಕೇಳುತ್ತಿತ್ತು.